'ಸೆಂಟ್' ಎಂದು ತೋರಿಸಿದರೂ ಇಮೇಲ್ ತಲುಪುತ್ತಿಲ್ಲವೇ? ಸ್ವಂತ ಮೇಲ್ ಸರ್ವರ್‌ನ ದೋಷ ಹುಡುಕುವುದು ಹೀಗೆ

ನಾಗಪುರದಿಂದ ಭಂಡಾರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಮೌದಾ, ಎನ್‌ಟಿಪಿಸಿಯ 2,320 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಇರುವ ತಾಲ್ಲೂಕು ಕೇಂದ್ರ. ಇಂಥ ಊರಿನಲ್ಲಿ ಬಿಡಿಭಾಗ ಪೂರೈಸುವ ಸಣ್ಣ ಸಂಸ್ಥೆಯೊಂದು ಸ್ವಂತ ಇಮೇಲ್ ಸರ್ವರ್ ಇಟ್ಟುಕೊಂಡಿದೆ ಎಂದಿಟ್ಟುಕೊಳ್ಳಿ. ಸೋಮವಾರ ಬೆಳಗ್ಗೆ ದರಪಟ್ಟಿ ಕಳಿಸುತ್ತಾರೆ. ಕೊನೆಯ ದಿನ ಶುಕ್ರವಾರ. 'ಸೆಂಟ್' ಫೋಲ್ಡರ್‌ನಲ್ಲಿ ಮೇಲ್ ಕಾಣುತ್ತಿದೆ, ಹಾಗಾಗಿ ಎಲ್ಲರೂ ನಿಶ್ಚಿಂತೆ. ಶನಿವಾರ ಬೆಳಗ್ಗೆ 'ತಲುಪಿಸಲು ಆಗಲಿಲ್ಲ' ಎಂಬ ಸಂದೇಶ ವಾಪಸ್ ಬರುತ್ತದೆ.

ಉದಾಹರಣೆ ಕಾಲ್ಪನಿಕ, ಆದರೆ ದಿನಗಳ ಲೆಕ್ಕ ನಿಜ. ಸ್ವಂತ ಸರ್ವರ್ ನಡೆಸುವ ಬಹಳಷ್ಟು ಮಂದಿ ಬಳಸುವ ಪೋಸ್ಟ್‌ಫಿಕ್ಸ್ ತಂತ್ರಾಂಶವು ತಲುಪದ ಮೇಲನ್ನು ಸರದಿಯಲ್ಲಿಟ್ಟುಕೊಂಡು 5 ದಿನ ಮತ್ತೆ ಮತ್ತೆ ಯತ್ನಿಸುತ್ತದೆ. ನೀವು ಬದಲಿಸದ ಹೊರತು, ಆ 5 ದಿನವೂ ಕಳಿಸಿದವರಿಗೆ ಒಂದು ಮಾತು ಹೇಳುವುದಿಲ್ಲ. 'ಡಿಲೇ ವಾರ್ನಿಂಗ್ ಟೈಮ್' ಎಂಬ ಸೆಟ್ಟಿಂಗ್ ಮೂಲದಲ್ಲಿ ಸೊನ್ನೆ ಇರುವುದೇ ಇದಕ್ಕೆ ಕಾರಣ. ಅದನ್ನು 4 ಗಂಟೆಗೆ ಬದಲಿಸಿದರೆ ಅದೇ ದಿನ ಮಧ್ಯಾಹ್ನವೇ ಎಚ್ಚರಿಕೆ ಬರುತ್ತದೆ, ಫೋನ್ ಮಾಡಿ ಬೇರೆ ದಾರಿ ನೋಡಿಕೊಳ್ಳಬಹುದು. ಬೇರೇನೂ ಮಾಡದಿದ್ದರೂ ಇದೊಂದನ್ನು ಇವತ್ತೇ ಮಾಡಿ.

ಮೊದಲು ಲಾಗ್ ನೋಡಿ

'ಸೆಂಟ್' ಫೋಲ್ಡರ್ ಹೇಳುವುದು ಮೇಲ್ ನಿಮ್ಮ ಕಂಪ್ಯೂಟರ್‌ನಿಂದ ನಿಮ್ಮದೇ ಸರ್ವರ್‌ಗೆ ಹೋಯಿತು ಎಂಬುದನ್ನಷ್ಟೇ. ಮುಂದಿನ ಕತೆ ಸರ್ವರ್‌ನ ಮೇಲ್ ಲಾಗ್‌ನಲ್ಲಿರುತ್ತದೆ. ಪ್ರತಿ ಮೇಲ್‌ನ ಸಾಲಿನಲ್ಲೂ 'ಸ್ಟೇಟಸ್' ಎಂಬ ಪದ ಹುಡುಕಿ. ಅದರ ಮುಂದೆ 'ಸೆಂಟ್' ಇದ್ದರೆ ಆಚೆಯ ಸರ್ವರ್ ಅದನ್ನು ಒಪ್ಪಿಕೊಂಡಿದೆ, ಮೇಲ್ ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದಿರಬಹುದು. 'ಡೆಫರ್ಡ್' ಇದ್ದರೆ ಇನ್ನೂ ಸರದಿಯಲ್ಲಿದೆ. 'ಬೌನ್ಸ್‌ಡ್' ಎಂದರೆ ತಿರಸ್ಕೃತ. ಜೊತೆಗಿರುವ ಮೂರಂಕಿಯ ಸಂಖ್ಯೆ 4ರಿಂದ ಶುರುವಾದರೆ 'ಆಮೇಲೆ ಬಾ', 5ರಿಂದ ಶುರುವಾದರೆ 'ಬರಲೇಬೇಡ' ಎಂದರ್ಥ. ಕಾರಣವನ್ನೂ ಆಚೆಯ ಸರ್ವರ್ ಅಲ್ಲೇ ಬರೆದಿರುತ್ತದೆ. ಆ ಒಂದು ಸಾಲನ್ನು ಓದದೆ ಸೆಟ್ಟಿಂಗ್‌ಗಳನ್ನು ಬದಲಿಸುತ್ತಾ ಕೂತವರು ಇದ್ದ ದೋಷದ ಜೊತೆಗೆ ಹೊಸದೊಂದನ್ನೂ ತಂದುಕೊಳ್ಳುತ್ತಾರೆ.

ಎಲ್ಲ ಮೇಲ್‌ಗಳೂ 'ಕನೆಕ್ಷನ್ ಟೈಮ್ಡ್ ಔಟ್' ಎಂದು ನಿಂತಿದ್ದರೆ ಸಮಸ್ಯೆ ಬಹುತೇಕ 25ನೇ ಪೋರ್ಟ್‌ನದು. ಒಂದು ಸರ್ವರ್ ಇನ್ನೊಂದರ ಜೊತೆ ಮಾತಾಡುವುದು ಈ ಬಾಗಿಲಲ್ಲೇ. ಸ್ಪ್ಯಾಮ್ ಕಾಟಕ್ಕೆ ಬೇಸತ್ತು ಅಮೆಜಾನ್, ಗೂಗಲ್ ಕ್ಲೌಡ್‌ನಂಥ ಸೇವೆಗಳು ಹೊರಹೋಗುವ ದಿಕ್ಕಿನಲ್ಲಿ ಅದನ್ನು ನಿರ್ಬಂಧಿಸಿವೆ. ಇಂಟರ್ನೆಟ್ ಪೂರೈಕೆದಾರರಲ್ಲೂ ಹಲವರು ಹೀಗೇ ಮಾಡುತ್ತಾರೆ. 587ಕ್ಕೆ ಬದಲಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಇದು ತಪ್ಪು ಗ್ರಹಿಕೆ. 587 ಇರುವುದು ಬಳಕೆದಾರರು ತಮ್ಮ ಸರ್ವರ್‌ಗೆ ಮೇಲ್ ಒಪ್ಪಿಸಲು.

ನೀವು ಯಾರೆಂದು ತೋರಿಸಿ

25ನೇ ಪೋರ್ಟ್ ತೆರೆದಿದ್ದೂ ಮೇಲ್ ತಿರಸ್ಕೃತವಾಗುತ್ತಿದ್ದರೆ, ಪ್ರಶ್ನೆ ಗುರುತಿನದು. ಇಮೇಲ್ ಸಾಗಣೆಯ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಕಳಿಸುವವನ ಗುರುತು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಅಂಚೆ ಲಕೋಟೆಯ ಮೇಲೆ ಯಾರು ಬೇಕಾದರೂ ಯಾರ ವಿಳಾಸವನ್ನಾದರೂ ಬರೆಯಬಹುದಲ್ಲ, ಹಾಗೆ. ಈ ಲೋಪ ಮುಚ್ಚಲು ಆಮೇಲೆ ಒಂದೊಂದಾಗಿ ದಾಖಲೆಗಳು ಸೇರಿಕೊಂಡವು. 2024ರ ಫೆಬ್ರುವರಿಯಿಂದ ಜಿಮೇಲ್ ಇವನ್ನು ಕಡ್ಡಾಯ ಮಾಡಿತು: ಎಲ್ಲರಿಗೂ ಪಿಟಿಆರ್ ದಾಖಲೆ ಮತ್ತು ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್ ಎರಡೂ ಬೇಕು, ಡಿಮಾರ್ಕ್ ಕೂಡ ಬೇಕು. ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಮೈಕ್ರೋಸಾಫ್ಟ್‌ನ ಔಟ್‌ಲುಕ್ 2025ರ ಮೇ 5ರಿಂದ ಇಂಥದ್ದೇ ನಿಯಮ ತಂದಿತು.

ಹೆಚ್ಚಿನವರು ಎಡವುವುದು ಪಿಟಿಆರ್‌ನಲ್ಲಿ. ಐಪಿ ಸಂಖ್ಯೆ ಕೊಟ್ಟರೆ ಹೆಸರು ಹೇಳುವ ದಾಖಲೆ ಇದು. ಇದನ್ನು ನಿಮ್ಮ ಡೊಮೇನ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ, ಐಪಿ ಯಾರದೋ ಅವರೇ ಬರೆಯಬೇಕು, ಅಂದರೆ ಇಂಟರ್ನೆಟ್ ಕಂಪನಿ ಅಥವಾ ಸರ್ವರ್ ಬಾಡಿಗೆಗೆ ಕೊಟ್ಟವರು. ಪಿಟಿಆರ್ ಹೇಳುವ ಹೆಸರು ಮತ್ತೆ ಅದೇ ಐಪಿಯನ್ನು ತೋರಿಸಬೇಕು, ಸರ್ವರ್ ತನ್ನನ್ನು ಪರಿಚಯಿಸಿಕೊಳ್ಳುವುದೂ ಅದೇ ಹೆಸರಿನಿಂದಾದರೆ ಒಳ್ಳೆಯದು. ಸರ್ವರ್ ನಿಮಗೆ ಗೊತ್ತಿಲ್ಲದೆ ಐಪಿವಿ6 ಮೂಲಕ ಕಳಿಸುತ್ತಿದ್ದು, ಆ ವಿಳಾಸಕ್ಕೆ ಪಿಟಿಆರ್ ಇಲ್ಲದಿದ್ದರೆ ಜಿಮೇಲ್ ಒಪ್ಪುವುದಿಲ್ಲ. ಸಣ್ಣ ಸಂಸ್ಥೆಗಳು ಐಪಿವಿ4ಕ್ಕೆ ಸೀಮಿತಗೊಳಿಸಿಕೊಳ್ಳುವುದು ಸುಲಭದ ದಾರಿ.

ಎಸ್‌ಪಿಎಫ್ ಎಂದರೆ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂಬ ಪಟ್ಟಿ. ಒಂದು ಡೊಮೇನ್‌ಗೆ ಒಂದೇ ಪಟ್ಟಿ ಇರಬೇಕು. ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಪಕ್ಕದಲ್ಲಿ ಸೇರಿಸಿದರೆ ಎರಡೂ ಅಸಿಂಧು. ಡಿಕಿಮ್ ಪ್ರತಿ ಮೇಲ್‌ಗೂ ಹಾಕುವ ಡಿಜಿಟಲ್ ಮೊಹರು. ಅದರ 2048 ಬಿಟ್ ಕೀಲಿ ಡಿಎನ್‌ಎಸ್‌ನ ಒಂದು ಸಾಲಿನ ಮಿತಿಯಾದ 255 ಅಕ್ಷರ ಮೀರುತ್ತದೆ. ಎರಡು ತುಂಡು ಮಾಡಿ ಬರೆಯದಿದ್ದರೆ ಅರ್ಧ ಕೀಲಿ ಮಾತ್ರ ಉಳಿದು ಮೊಹರು ಸುಳ್ಳಾಗುತ್ತದೆ. 'ಫ್ರಂ' ಸಾಲಿನ ಡೊಮೇನ್ ಈ ಎರಡರಲ್ಲಿ ಒಂದಕ್ಕಾದರೂ ಹೊಂದುತ್ತದೆಯೇ, ಹೊಂದದಿದ್ದರೆ ಏನು ಮಾಡಬೇಕು ಎಂದು ತಿಳಿಸುವುದು ಡಿಮಾರ್ಕ್.

ಒಳಬರುವ ಮೇಲ್ ನಿಂತರೆ

ಕೆಲವೊಮ್ಮೆ ತೊಂದರೆ ಉಲ್ಟಾ. ಹೊರಗಿನವರ ಎಲ್ಲ ಮೇಲ್‌ಗಳನ್ನೂ ನಿಮ್ಮ ಸರ್ವರ್ರೇ ಸ್ಪ್ಯಾಮ್ ಎಂದು ತಿರಸ್ಕರಿಸುತ್ತಿರುತ್ತದೆ. ಸ್ಪ್ಯಾಮ್‌ಹೌಸ್‌ನ ಕಪ್ಪುಪಟ್ಟಿಯನ್ನು ಗೂಗಲ್‌ನ 8.8.8.8 ನಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ 127.255.255.254 ಎಂಬ ಉತ್ತರ ಬರುತ್ತದೆ. 'ಈ ದಾರಿಯಲ್ಲಿ ಕೇಳಬೇಡಿ' ಎಂಬುದು ಅದರ ಅರ್ಥ. ಸೆಟ್ಟಿಂಗ್ ಸರಿಯಿಲ್ಲದ ಸರ್ವರ್ ಅದನ್ನೇ 'ಇವನು ಸ್ಪ್ಯಾಮರ್' ಎಂದು ಓದಿಕೊಳ್ಳುತ್ತದೆ. ಸರ್ವರ್‌ನಲ್ಲೇ ಒಂದು ಡಿಎನ್‌ಎಸ್ ರಿಸಾಲ್ವರ್ ಹಾಕಿಕೊಂಡರೆ ಪರಿಹಾರ ಸಿಗುತ್ತದೆ.

ಇನ್ನು ಕರೆಂಟ್ ಹೋಗಿ ಸರ್ವರ್ ಒಂದೆರಡು ಗಂಟೆ ಮಲಗಿದರೆ ಗಾಬರಿ ಬೇಡ. ಕಳಿಸುವ ಸರ್ವರ್‌ಗಳು ಸಾಮಾನ್ಯವಾಗಿ ಮತ್ತೆ ಯತ್ನಿಸುತ್ತವೆ. ಆದರೆ ಲಾಗ್‌ಗಳನ್ನು ಬೇಗ ಅಳಿಸಬೇಡಿ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು.

ಮನೆ ಅಥವಾ ಅಂಗಡಿಯ ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ಪದೇಪದೇ ಬದಲಾಗುವ ಐಪಿ ಇದ್ದರೆ ಮೇಲಿನ ಯಾವ ಕಸರತ್ತೂ ಹೆಚ್ಚು ದಿನ ಬಾಳುವುದಿಲ್ಲ. ಇಂಥ ವಿಳಾಸಗಳು ಕಪ್ಪುಪಟ್ಟಿಯಲ್ಲೇ ಇರುವುದು ಹೆಚ್ಚು. ಮೇಲ್ ಪಡೆಯುವುದನ್ನೂ ಸಂಗ್ರಹಿಸುವುದನ್ನೂ ಸ್ವಂತಕ್ಕೆ ಇಟ್ಟುಕೊಂಡು, ಕಳಿಸುವ ಕೆಲಸವನ್ನು ಮಾತ್ರ ರಿಲೇ ಸೇವೆಯೊಂದಕ್ಕೆ ಬಿಡುವುದು ಅಲ್ಲಿ ಜಾಣತನ. ಆಗ ಎಸ್‌ಪಿಎಫ್ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಲು ಮರೆಯಬೇಡಿ.

ದೋಷ ಸರಿಪಡಿಸಿದ ಮೇಲೆ ಒಂದು ಜಿಮೇಲ್ ಖಾತೆಗೆ ಪರೀಕ್ಷಾ ಮೇಲ್ ಕಳಿಸಿ, 'ಶೋ ಒರಿಜಿನಲ್' ತೆರೆದು ನೋಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ 'ಪಾಸ್' ಇರಬೇಕು. ಸರದಿಯಲ್ಲಿ ನಿಂತಿದ್ದ ಹಳೆಯ ಮೇಲ್‌ಗಳನ್ನು ಬಿಡುವ ಮುನ್ನ ಒಮ್ಮೆ ಕಣ್ಣಾಡಿಸಿ. ಫೋನ್‌ನಲ್ಲಿ ದರ ಬದಲಿಸಿ ಮುಗಿದ ಮೇಲೆ ಸೋಮವಾರದ ದರಪಟ್ಟಿ ಹೋಗಿ ತಲುಪಿದರೆ ಅದಕ್ಕೆ ಬೇರೆಯೇ ವಿವರಣೆ ಕೊಡಬೇಕಾಗುತ್ತದೆ.