ಹಸ್ತಪ್ರತಿ ಗಣಕಕ್ಕೆ ದೂರದೂರಿನ ಪ್ರತಿ

ಷಟ್ಖಂಡಾಗಮದ ಧವಲಾ ಟೀಕೆಯ ತಾಡವೋಲೆಗಳು ಶತಮಾನಗಳ ಕಾಲ ಮೂಡಬಿದಿರೆಯೊಂದರಲ್ಲಿಯೇ ಉಳಿದಿದ್ದುವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಲ್ಲಿಂದ ಪ್ರತಿಗಳು ಹೊರಬಂದುದರಿಂದಲೇ 1939ರಲ್ಲಿ ಡಾ. ಹೀರಾಲಾಲ ಜೈನರು ಸಂಪಾದಿಸಿದ ಮೊದಲ ಸಂಪುಟ ಪ್ರಕಟವಾಯಿತು. ಅದಕ್ಕೆ ಮುನ್ನ ಒಂದು ಅಗ್ನಿ ಅನಾಹುತವಾಗಿದ್ದರೆ ಗ್ರಂಥವೇ ಇಲ್ಲವಾಗುತ್ತಿತ್ತು.

ಇಂದು ಓಲೆಗಳ ಛಾಯಾಪ್ರತಿಗಳೂ ಸೂಚಿಗಳೂ ಗಣಕವನ್ನು ಸೇರುತ್ತಿವೆ. ಅಪಾಯ ಮಾತ್ರ ಹಿಂದಿನದೇ. ಇಂಡಿ, ಸಿಂದಗಿಗಳಿಗೆ ಭೀಮೆ, ಮುದ್ದೇಬಿಹಾಳಕ್ಕೆ ಕೃಷ್ಣೆ, ಬಸವನ ಬಾಗೇವಾಡಿಗೆ ಡೋಣಿ. 2020ರ ಅಕ್ಟೋಬರಿನಲ್ಲಿ ಭೀಮಾತೀರದ ಗ್ರಾಮಗಳು ಜಲಾವೃತವಾದುವು.

ಸರ್ವರ್‌ನೊಳಗೆ ನಡೆಯುವ ವರ್ಚುವಲ್ ಯಂತ್ರವೆಂದರೆ ಕಡತರೂಪದ ಪೂರ್ಣ ಗಣಕ. ಆದುದರಿಂದ ಅದನ್ನು ಗ್ರಂಥದಂತೆ ಪ್ರತಿಮಾಡಬಹುದು. ಮೊದಲು ಇಡಿಯ ಪ್ರತಿಯು ಹೈದರಾಬಾದಿನಂತಹ ದೂರದ ಕ್ಲೌಡ್ ಕೇಂದ್ರಕ್ಕೆ ಹೋಗುತ್ತದೆ. ಅನಂತರ ಬದಲಾದ ಭಾಗ ಮಾತ್ರ. ಇಲ್ಲಿಯ ಯಂತ್ರ ಕೆಟ್ಟಾಗ ಅಲ್ಲಿ ಅದನ್ನೇ ಚಾಲನೆಗೆ ತರಬಹುದು.

ಮುಂಚಿತವಾಗಿ ನಿರ್ಣಯಿಸಬೇಕಾದುವು ಎರಡು: ಎಷ್ಟು ಹೊತ್ತಿನ ಬರೆಹ ನಷ್ಟವಾದರೆ ಸಹ್ಯ, ಎಷ್ಟು ಹೊತ್ತಿನೊಳಗೆ ಕಾರ್ಯ ಪುನರಾರಂಭವಾಗಬೇಕು. ಅವಧಿ ಕಿರಿದಾದಷ್ಟೂ ವೆಚ್ಚ ಹಿರಿದು. ಸೂಚೀಕಾರ್ಯಕ್ಕೆ ಒಂದು ದಿನದ ಅವಧಿ ಸಾಲುತ್ತದೆ.

ಲಿಪಿಕಾರನು ಮಾತೃಕೆಯ ಸ್ಖಾಲಿತ್ಯವನ್ನೂ ನಕಲಿಸುವಂತೆ, ಈ ವ್ಯವಸ್ಥೆಯು ಪ್ರಮಾದದಿಂದ ಅಳಿಸಿದುದನ್ನು ದೂರದ ಪ್ರತಿಯಲ್ಲಿಯೂ ಅಳಿಸುತ್ತದೆ. ಆದಕಾರಣ ಹಿಂದಿನ ದಿನಗಳ ಪ್ರತಿಗಳನ್ನು ಬೇರೆಯಾಗಿ, ಯಾರೂ ಅಳಿಸಲಾಗದಂತೆ ಇರಿಸತಕ್ಕದ್ದು. ವರ್ಷಕ್ಕೆರಡು ಬಾರಿಯಾದರೂ ದೂರದ ಯಂತ್ರವನ್ನು ಪ್ರತ್ಯೇಕ ಜಾಲದಲ್ಲಿ ನಡೆಸಿ, ಕೆಲವು ಓಲೆಗಳ ಚಿತ್ರಗಳನ್ನು ತೆರೆದು ಓದಿ ನೋಡಬೇಕು. ಮೂಲದೊಡನೆ ತಾಳೆನೋಡದ ಪ್ರತಿಯನ್ನು ಸಂಪಾದಕನು ನೆಚ್ಚುವುದಿಲ್ಲ. ಇಲ್ಲಿಯೂ ನಿಯಮ ಅದೇ.