ಅಪ್ಪನ ಉಳಿ, ನನ್ನ ಭಾನುವಾರ

ಅಪ್ಪ ಸಾಗರದಲ್ಲಿ ಬಡಗಿ. ನಲವತ್ತು ವರ್ಷ ಬಾಗಿಲು, ಕಿಟಕಿ, ಮಂಚ ಮಾಡಿ ನನ್ನನ್ನು ಇಂಜಿನಿಯರಿಂಗ್ ಓದಿಸಿದರು. ಕಳೆದ ವರ್ಷ ಒಂದು ದಿನ ಫೋನಿನಲ್ಲಿ, ‘ಅಪ್ಪ, ಮರದ ಕೆತ್ತನೆ ಕಲೀಬೇಕು ಅಂತಿದ್ದೀನಿ’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಉಳಿ ಹಿಡೀಬಾರದು ಅಂತಲೇ ಅಲ್ವೇನೋ ನಿನ್ನ ಓದಿಸಿದ್ದು?’ ಅಂದರು. ಫೋನ್ ಅಮ್ಮನ ಕೈಗೆ ಹೋಯಿತು.

ನನಗೂ ಬೇಜಾರಾಯಿತು. ಬೆಂಗಳೂರಿಗೆ ಬಂದು ಎಂಟು ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ. ಅದರಲ್ಲಿ ಒಂದನ್ನೂ ಅಮ್ಮನ ಕೈಗೆ ಕೊಟ್ಟು ‘ಇದು ನಾನು ಮಾಡಿದ್ದು’ ಅನ್ನೋಕಾಗಲ್ಲ. ಅಂಥದ್ದು ಒಂದಾದರೂ ಬೇಕಿತ್ತು, ಅಷ್ಟೇ. ಅಪ್ಪ ಹೇಳಿಕೊಡಲ್ಲ ಅಂದಮೇಲೆ ವಿಡಿಯೋ ನೋಡಿಕೊಂಡು ಶುರು ಮಾಡಿದೆ.

ಆರಿಸಿಕೊಂಡಿದ್ದು ಉಬ್ಬುಕೆತ್ತನೆ. ಹಲಗೆ ಮೇಲೆ ಚಿತ್ರ ಬರೆದು ಸುತ್ತಲಿನ ಮರವನ್ನು ತಗ್ಗಿಸುತ್ತಾ ಹೋದರೆ ಚಿತ್ರ ಮೇಲೆದ್ದು ನಿಲ್ಲುತ್ತದೆ. ನಾಣ್ಯದ ಮೇಲಿನ ಸಿಂಹ ತೆಳು ಉಬ್ಬು. ಹಳೇಬೀಡಿನ ಗೋಡೆಯ ಮೂರ್ತಿಗಳು ಕಲ್ಲಿನಿಂದ ಹೊರಗೇ ಬಂದಂತಿರುವ ದಪ್ಪ ಉಬ್ಬು. ನಮ್ಮ ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ತಲೆಮಾರುಗಳಿಂದ ಈ ಕೆಲಸ ಮಾಡುತ್ತಾ ಬಂದಿದ್ದಾರೆ. ನಾನು ಶುರು ಮಾಡಿದ್ದು ಮನೆಯಲ್ಲಿ ಉಳಿದಿದ್ದ ಒಂದು ತುಂಡು ತೇಗ ಮತ್ತು ಅಂಗಡಿಯಿಂದ ತಂದ ಉಳಿಯಿಂದ.

ಮೊದಲ ವಾರ ಕಮಲದ ಎರಡು ದಳ ಚಕ್ಕೆಯಾಗಿ ಹಾರಿಹೋದವು. ಎರಡನೇ ವಾರ ಹಲಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉಳಿ ತಳ್ಳುತ್ತಿದ್ದೆ. ಜಾರಿತು. ಹೆಬ್ಬೆರಳಿಗೆ ಮೂರು ಹೊಲಿಗೆ.

ಅಮ್ಮನಿಗೆ ಫೋಟೊ ಕಳಿಸಿದ ಹತ್ತು ನಿಮಿಷಕ್ಕೆ ಅಪ್ಪನ ಫೋನ್. ನೋವಿದೆಯಾ ಅಂತ ಕೇಳಲಿಲ್ಲ.

‘ಹಲಗೆ ಯಾವುದಕ್ಕೆ ಬಿಗಿದಿದ್ದೆ?’

‘ಕೈಯಲ್ಲೇ ಹಿಡ್ಕೊಂಡಿದ್ದೆ.’

ಮತ್ತೆ ಮೌನ. ‘ಗಾಯ ವಾಸಿಯಾದ ಮೇಲೆ ಊರಿಗೆ ಬಾ ಮಾರಾಯ’ ಅಂದರು.

ಹೋದೆ. ಮೊದಲ ದಿನ ಪೂರ್ತಿ ಉಳಿ ಮಸೆಯುವುದೇ ಆಯಿತು. ಅಂಗಡಿಯಿಂದ ತಂದ ಉಳಿಗೆ ಕೆತ್ತುವಷ್ಟು ಹದ ಇರುವುದಿಲ್ಲವಂತೆ. ಸಾಣೆಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿ ಮೇಲೆ ಹಿಂದಕ್ಕೆ ಎಳೆದು ನಯ ಮಾಡಬೇಕು. ಮೆತ್ತನೆ ಮರದ ಚೂರನ್ನು ನಾರಿಗೆ ಅಡ್ಡಲಾಗಿ ಕೊಯ್ದು ನೋಡಿ. ಕೊಯ್ದ ಜಾಗ ಹೊಳೆದರೆ ಹರಿತ, ಪುಡಿಪುಡಿಯಾದರೆ ಇನ್ನೂ ಮಸೆಯಬೇಕು. ಮೊಂಡು ಉಳಿಯೇ ಹೆಚ್ಚು ಅಪಾಯ. ಹೆಚ್ಚು ಒತ್ತುತ್ತೇವೆ, ಜಾರುತ್ತದೆ.

ತೇಗವನ್ನು ಪಕ್ಕಕ್ಕಿಟ್ಟು ಶಿವನೆ ಮರದ ಹಲಗೆ ಕೊಟ್ಟರು. ಕೆತ್ತೋಕೆ ಮೃದು, ಹೆಚ್ಚು ಸೊಟ್ಟ ಆಗಲ್ಲ. ತೇಗದೊಳಗೆ ಮರಳಿನಂಥ ಅಂಶ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ನೀವು ಶುರು ಮಾಡುವುದಾದರೆ ಒಂದು ಇಂಚು ದಪ್ಪದ, ಗಂಟಿಲ್ಲದ, ನೇರ ನಾರಿನ ಹಲಗೆ ಸಾಕು. ಪ್ಲೈವುಡ್ ಬೇಡ. ಒಂದು ಚಪ್ಪಟೆ ಉಳಿ, ಒಂದು ಅರ್ಧಚಂದ್ರ ಬಾಯಿಯ ಉಳಿ, ಒಂದು ‘ವಿ’ ಬಾಯಿಯ ಉಳಿ, ಒಂದು ಕೊಡತಿ, ಎರಡು ಕ್ಲ್ಯಾಂಪ್. ಇಷ್ಟೇ ಸಾಮಾನು.

ಚಿತ್ರವನ್ನು ಕಾರ್ಬನ್ ಹಾಳೆಯಿಂದ ಹಲಗೆಗೆ ಇಳಿಸಿ, ಹಲಗೆಯನ್ನು ಮೇಜಿಗೆ ಬಿಗಿಯಿರಿ. ಗೆರೆಯ ಮೇಲೆಯೇ ಕೊಯ್ಯಬೇಡಿ. ಒಂದು ಮಿಲಿಮೀಟರ್ ಹೊರಗೆ ‘ವಿ’ ಉಳಿಯಿಂದ ಕಾಲುವೆ ತೆಗೆಯಿರಿ. ಆಮೇಲೆ ಗೆರೆಗುಂಟ ಚಪ್ಪಟೆ ಉಳಿ ನಿಲ್ಲಿಸಿ ಕೊಡತಿಯಿಂದ ಮೆಲ್ಲಗೆ ಹೊಡೆಯಿರಿ. ದಳದ ಬುಡ ಅಗಲವಾಗಿರುವ ಹಾಗೆ ಉಳಿ ಒಂಚೂರು ಓರೆಯಾಗಿರಲಿ, ಇಲ್ಲದಿದ್ದರೆ ಅಂಚು ಮುರಿಯುತ್ತದೆ. ಈಗ ಹೊರಗಿನಿಂದ ಆ ಕೊಯ್ತದ ಕಡೆಗೆ ಮರ ತೆಗೆಯುತ್ತಾ ಬನ್ನಿ. ಉಳಿ ಅಲ್ಲಿಗೆ ಬಂದು ನಿಲ್ಲುತ್ತದೆ, ಹೂವಿನೊಳಗೆ ನುಗ್ಗಲ್ಲ. ಹಿನ್ನೆಲೆ ಐದಾರು ಮಿಲಿಮೀಟರ್ ತಗ್ಗಿದ ಮೇಲಷ್ಟೇ ದಳಗಳನ್ನು ದುಂಡಗೆ ಮಾಡಿ.

ನನ್ನ ದಳ ಹಾರಿದ್ದು ನಾರಿಗೆ ಎದುರಾಗಿ ಕೊಯ್ದಿದ್ದಕ್ಕೆ. ‘ಬೆಕ್ಕಿನ ಬೆನ್ನು ಸವರಿದ್ದೀಯಲ್ಲ? ಹಾಗೇ. ಎದುರು ಸವರಿದ್ರೆ ಮರಾನೂ ಎದ್ದು ನಿಲ್ಲುತ್ತೆ’ ಅಂದರು ಅಪ್ಪ. ಮರ ಸಿಬಿರೆದ್ದರೆ ನಿಲ್ಲಿಸಿ, ಇನ್ನೊಂದು ದಿಕ್ಕಿನಿಂದ ಬನ್ನಿ. ಕೆತ್ತನೆ ಮುಗಿಯುವವರೆಗೆ ಉಪ್ಪುಕಾಗದ ಮುಟ್ಟಬೇಡಿ. ಅದರ ಕಣಗಳು ಮರದಲ್ಲಿ ಉಳಿದು ಉಳಿಯನ್ನು ಹಾಳು ಮಾಡುತ್ತವೆ. ಎಲ್ಲಕ್ಕಿಂತ ಮುಖ್ಯ, ಎರಡೂ ಕೈ ಸದಾ ಉಳಿಯ ಬಾಯಿಯ ಹಿಂದೆ ಇರಲಿ.

ಇದನ್ನು ಹೇಳುವಾಗ ಅಪ್ಪ ನನ್ನ ಹೆಬ್ಬೆರಳು ನೋಡುತ್ತಿದ್ದರು. ನಾನು ಅವರ ಎಡಗೈ ನೋಡುತ್ತಿದ್ದೆ. ಅವರ ತೋರುಬೆರಳಿಗೆ ತುದಿ ಇಲ್ಲ. ಚಿಕ್ಕಂದಿನಿಂದ ನೋಡಿದ್ದೇನೆ, ಹೇಗಾಯಿತು ಅಂತ ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಕೇಳಿದೆ.

‘ನೀನು ಎರಡನೇ ಕ್ಲಾಸು. ಮಾರನೇ ದಿನ ಗೃಹಪ್ರವೇಶ, ಬಾಗಿಲು ಕೊಡಬೇಕಿತ್ತು. ರಾತ್ರಿ ಕೂತು ಮಾಡ್ತಿದ್ದೆ’ ಅಂದರು. ‘ಬಾಗಿಲು ಕೊಟ್ಟೆ’ ಅಂತಲೂ ಸೇರಿಸಿದರು.

ನನಗೆ ಬೇಜಾರಾದರೆ ಉಳಿ ಕೆಳಗಿಟ್ಟು ಕಾಫಿ ಕುಡಿಯಬಹುದು. ಅವರಿಗೆ ಹಾಗಿರಲಿಲ್ಲ. ಫೋನಿನ ಆ ಮೌನ ನನಗೆ ಅರ್ಥವಾಗಲು ಇಷ್ಟು ಸಮಯ ಬೇಕಾಯಿತು.

ಮೂರು ತಿಂಗಳ ಮೇಲೆ ಕಮಲ ಮುಗಿಯಿತು. ಅಗಸೆ ಎಣ್ಣೆ ಹಚ್ಚಿ ಒಣಗಿಸಿ ಊರಿಗೆ ಒಯ್ದೆ. (ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು, ಬಿಡಿಸಿ ಹೊರಗೆ ಒಣಹಾಕಿ.) ಅಮ್ಮ ಹಲಗೆಯನ್ನು ದೇವರ ಕೋಣೆಯ ಗೋಡೆಗೆ ಹಿಡಿದು ನೋಡಿದರು. ಅಪ್ಪ ಹೆಬ್ಬೆರಳಿನಿಂದ ಸವರಿ, ‘ಹಿನ್ನೆಲೆ ಇನ್ನೂ ಏರುತಗ್ಗು ಇದೆ’ ಅಂದರು.

ಹೊರಡುವಾಗ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಏನನ್ನೋ ನನ್ನ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿದರು. ಬಸ್ಸಿನಲ್ಲಿ ಬಿಚ್ಚಿದೆ. ಹಿಡಿ ಸವೆದ ಮೂರು ಉಳಿ, ಬಾಯಿ ಮಸೆದು ಕನ್ನಡಿಯಂತೆ ಹೊಳೆಯುತ್ತಿದ್ದವು.

ಫೋನ್ ಮಾಡಿದೆ.

‘ಭಾನುವಾರ ಮಾತ್ರ’ ಅಂದರು.