ಮಳೆನೀರಿನಲ್ಲಿ ತಲೆ ತೊಳೆಯುವುದು

ಮಳೆನೀರಿನಲ್ಲಿ ತಲೆ ತೊಳೆಯುವುದು ಎಂದರೆ ಕೊಳವೆಬಾವಿಯ ಅಥವಾ ನಲ್ಲಿಯ ಗಡಸು ನೀರಿಗೆ ಬದಲಾಗಿ, ಮನೆಯ ಛಾವಣಿಯಿಂದ ಹಿಡಿದಿಟ್ಟ ಮಳೆನೀರನ್ನು ಕೂದಲು ತೊಳೆಯಲು ಬಳಸುವ ರೂಢಿ. ಮಳೆನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಅತ್ಯಲ್ಪವಾಗಿರುವುದರಿಂದ ಸಾಬೂನು ಬೇಗ ನೊರೆಯಾಗುತ್ತದೆ ಮತ್ತು ಕೂದಲಿನ ಮೇಲೆ ಬಿಳಿಯ ಗಸಿ ಉಳಿಯುವುದಿಲ್ಲ. ಉತ್ತರ ಕರ್ನಾಟಕದ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ನಲ್ಲಿಯ ನೀರಿನೊಂದಿಗೆ ಕೊಳವೆಬಾವಿಯ ನೀರೂ ವ್ಯಾಪಕವಾಗಿ ಬಳಕೆಯಲ್ಲಿರುವುದರಿಂದ ಈ ವಿಷಯಕ್ಕೆ ಅಲ್ಲಿ ವಿಶೇಷ ಪ್ರಸ್ತುತತೆ ಇದೆ. ಮಳೆನೀರು ಕೂದಲಿನ ಸ್ಪರ್ಶ ಮತ್ತು ಹೊಳಪನ್ನು ಸುಧಾರಿಸಬಲ್ಲದು. ಆದರೆ ಅದು ಕೂದಲು ಉದುರುವುದನ್ನು ನಿಲ್ಲಿಸುತ್ತದೆ ಎಂಬ ನಂಬಿಕೆಗೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ.

ನೀರಿನ ಗಡಸುತನ

ಮೋಡದಿಂದ ಬೀಳುವ ನೀರು ಬಹುಮಟ್ಟಿಗೆ ಭಟ್ಟಿ ಇಳಿಸಿದ ನೀರಿನಂತೆ ಲವಣರಹಿತ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಶುದ್ಧ ಮಳೆನೀರಿನ ಪಿಎಚ್ ಮೌಲ್ಯ ಸುಮಾರು 5.6 ಇರುತ್ತದೆ, ಅಂದರೆ ಅದು ಸ್ವಲ್ಪ ಆಮ್ಲೀಯ. ಇದೇ ನೀರು ನೆಲಕ್ಕೆ ಇಂಗುವಾಗ ಮಣ್ಣಿನಿಂದ ಮತ್ತಷ್ಟು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಶಿಲೆ ಮತ್ತು ಮಣ್ಣಿನಲ್ಲಿರುವ ಸುಣ್ಣವನ್ನು ಕರಗಿಸುತ್ತ ಕೆಳಗಿಳಿಯುತ್ತದೆ. ಕೊಳವೆಬಾವಿಯಿಂದ ಮೇಲೆ ಬರುವ ಹೊತ್ತಿಗೆ ಅದು ಗಡಸು ನೀರಾಗಿರುತ್ತದೆ.

ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಪ್ರಮಾಣಕ್ಕೆ ಸಮೀಕರಿಸಿ ಪ್ರತಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. ಸಾಮಾನ್ಯ ವರ್ಗೀಕರಣದಂತೆ 60ರವರೆಗಿನದು ಮೃದು ನೀರು, 120ರಿಂದ 180ರವರೆಗಿನದು ಗಡಸು ನೀರು, 180ಕ್ಕಿಂತ ಹೆಚ್ಚಿನದು ಅತಿ ಗಡಸು ನೀರು. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡವು 200 ಮಿಲಿಗ್ರಾಂ ಅನ್ನು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಬಳಸಬಹುದೆಂದೂ ಹೇಳುತ್ತದೆ. ಈ ಮಿತಿಗಳು ಕುಡಿಯುವ ನೀರಿಗೆ ಸಂಬಂಧಿಸಿದವು, ಕೂದಲಿಗಲ್ಲ. ಕುಡಿಯಲು ಅನುಮತಿಯಿರುವ ನೀರು ತಲೆ ತೊಳೆಯಲು ಸಾಕಷ್ಟು ಒರಟಾಗಿರಬಹುದು.

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟುಗಳಿಂದಾದದ್ದು ತಾತ್ಕಾಲಿಕ: ನೀರನ್ನು ಕುದಿಸಿದಾಗ ಸುಣ್ಣವು ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಬಚ್ಚಲಿನ ಹಂಡೆಯ ಒಳಮೈಗೆ ಮತ್ತು ವಿದ್ಯುತ್ ಗೀಸರಿನ ಸುರುಳಿಗೆ ಹತ್ತುವ ಬಿಳಿಯ ಪದರ ಇದೇ. ಸಲ್ಫೇಟ್ ಮತ್ತು ಕ್ಲೋರೈಡುಗಳಿಂದಾದದ್ದು ಶಾಶ್ವತ ಗಡಸುತನ. ಅದು ಕುದಿಸಿದರೂ ಹೋಗದು. ಪ್ರಯೋಗಾಲಯದ ನೆರವಿಲ್ಲದೆಯೂ ಮನೆಗಳಲ್ಲಿ ಗಡಸು ನೀರನ್ನು ಗುರುತಿಸುವ ಹಳೆಯ ಲಕ್ಷಣಗಳಿವೆ: ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ, ಕೊಡದ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಆಡುಮಾತಿನಲ್ಲಿ ಇಂಥ ನೀರನ್ನು ಸವಳು ನೀರು ಎನ್ನುವುದುಂಟು. ಕಟ್ಟುನಿಟ್ಟಾಗಿ ಹೇಳುವುದಾದರೆ ಸವಳು ಎಂದರೆ ಉಪ್ಪಿನಂಶ, ಗಡಸು ಎಂದರೆ ಸುಣ್ಣದಂಶ. ಒಂದೇ ಬಾವಿಯಲ್ಲಿ ಎರಡೂ ಇರಬಹುದಾದ್ದರಿಂದ ಪದಗಳು ಕಲೆತುಹೋಗಿವೆ.

ಹುಬ್ಬಳ್ಳಿ-ಧಾರವಾಡದ ನೀರು

ಧಾರವಾಡವು ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ಅಂಚಿನಲ್ಲಿದೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರಗಳ ಕಡೆ ಮಳೆ ಹೆಚ್ಚು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳು ಹೇರಳವಾಗಿರುವುದರಿಂದ ಆ ಭಾಗದ ಅಂತರ್ಜಲ ಗಡಸಾಗಿಯೂ ಅನೇಕ ಕಡೆ ಉಪ್ಪಾಗಿಯೂ ಇರುತ್ತದೆ. ನವಲಗುಂದ ಸೀಮೆಯ ಹಳ್ಳಿಗಳು ಬಾವಿಗಳಿಗಿಂತ ಕೆರೆಗಳನ್ನೇ ಕುಡಿಯುವ ನೀರಿಗೆ ನೆಚ್ಚಿಕೊಂಡಿರುವುದಕ್ಕೆ ಇದು ಮುಖ್ಯ ಕಾರಣ.

ಅವಳಿ ನಗರಕ್ಕೆ ಮುಖ್ಯವಾಗಿ ಎರಡು ಮೂಲಗಳಿಂದ ನೀರು ಬಂದಿದೆ. ಒಂದು, 1950ರ ದಶಕದಲ್ಲಿ ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ನೀರಸಾಗರ ಜಲಾಶಯ. ಮತ್ತೊಂದು, ಬೆಳಗಾವಿ ಜಿಲ್ಲೆಯ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಕಟ್ಟಿದ ರೇಣುಕಾಸಾಗರ. ಇವೆರಡೂ ಮೇಲ್ಮೈ ನೀರು. ಮಳೆಗಾಲದಲ್ಲಿ ತುಂಬಿಕೊಂಡ ನದಿಯ ನೀರು ನೆಲದೊಳಗೆ ದೀರ್ಘಕಾಲ ಉಳಿಯದಿರುವುದರಿಂದ ಅದರ ಗಡಸುತನ ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಕಡಿಮೆ. ಆದ್ದರಿಂದ ನಲ್ಲಿಯ ನೀರೆಲ್ಲ ಗಡಸು ಎಂಬ ಮಾತು ಇಲ್ಲಿ ಪೂರ್ತಿ ಸರಿಯಲ್ಲ. ನಲ್ಲಿ ಒಂದೇ ಆದರೂ ಅದರಲ್ಲಿ ಬರುವ ನೀರು ಯಾವುದು ಎಂಬುದೇ ಮುಖ್ಯ ಪ್ರಶ್ನೆ.

ಬಹುಕಾಲ ನಗರದ ಹೆಚ್ಚಿನ ಬಡಾವಣೆಗಳಿಗೆ ಹಲವು ದಿನಗಳಿಗೊಮ್ಮೆ ಮಾತ್ರ ನದಿನೀರು ಪೂರೈಕೆಯಾಗುತ್ತಿತ್ತು. 2008ರಲ್ಲಿ ವಿಶ್ವಬ್ಯಾಂಕಿನ ನೆರವಿನ ಪ್ರಾಯೋಗಿಕ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂದಿತು. ಉಳಿದ ಕಡೆ ಎರಡು ಸರದಿಗಳ ನಡುವಿನ ದಿನಗಳನ್ನು ಕೊಳವೆಬಾವಿ ಮತ್ತು ಟ್ಯಾಂಕರುಗಳು ತುಂಬಿದವು. ನದಿನೀರನ್ನು ಕುಡಿಯಲು ಮತ್ತು ಅಡುಗೆಗೆ ಎತ್ತಿಟ್ಟು, ಸ್ನಾನಕ್ಕೆ ಮತ್ತು ಬಟ್ಟೆಗೆ ಬೋರಿನ ನೀರನ್ನು ಬಳಸುವ ವಿಂಗಡಣೆ ಮನೆಗಳಲ್ಲಿ ರೂಢಿಯಾಯಿತು. ಹೀಗೆ ನೀರಿನ ಕೊರತೆಯ ಒಂದು ಪಾಲು ಕೂದಲಿನ ಮೇಲೆ ಬಿದ್ದಿತು.

ವಿದ್ಯಾರ್ಥಿಗಳ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹಲವಾರು ಕಾಲೇಜುಗಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಕಾರಣದಿಂದ ಧಾರವಾಡಕ್ಕೆ ಬೇರೆ ಜಿಲ್ಲೆಗಳಿಂದ ಬರುವ ಯುವಜನರು ಹೆಚ್ಚು. ಬಾಡಿಗೆ ಕೋಣೆ ಮತ್ತು ಖಾಸಗಿ ವಸತಿಗೃಹಗಳಲ್ಲಿ ಸ್ನಾನದ ನೀರು ಹಲವೆಡೆ ಕೊಳವೆಬಾವಿಯದೇ. ಊರು ಬಿಟ್ಟು ಬಂದ ಕೆಲವು ತಿಂಗಳಲ್ಲಿ ಕೂದಲು ಒರಟಾಯಿತು, ಉದುರಿತು ಎಂಬ ದೂರು ಇಂಥಲ್ಲಿ ಸಾಮಾನ್ಯ. ಅದರಲ್ಲಿ ನೀರಿನ ಪಾಲು ಎಷ್ಟು ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ.

ಕೂದಲಿನ ಮೇಲೆ ಆಗುವುದೇನು

ಸಾಬೂನು ಎಂಬುದು ಕೊಬ್ಬಿನಾಮ್ಲಗಳ ಸೋಡಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ ಈ ಸೋಡಿಯಂನ ಜಾಗವನ್ನು ಆಕ್ರಮಿಸಿದಾಗ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನು ಉಂಟಾಗುತ್ತದೆ. ಬಕೆಟ್ಟಿನ ಒಳಮೈಗೆ ಅಂಟುವ ಬೂದುಬಣ್ಣದ ಗಸಿ ಇದೇ. ಕೂದಲಿಗೂ ಇದು ಹಾಗೆಯೇ ಅಂಟುತ್ತದೆ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಾಚಣಿಗೆ ಜಾರದಂತಾಗುತ್ತದೆ. ಸಿಕ್ಕು ಬಿಡಿಸುವ ಬಲಕ್ಕೆ ಕೂದಲು ತುಂಡಾಗುತ್ತದೆ.

ಇಂದಿನ ಶಾಂಪೂಗಳಲ್ಲಿ ಸಾಬೂನಿನ ಬದಲು ಸಂಶ್ಲೇಷಿತ ಮಾರ್ಜಕಗಳಿರುವುದರಿಂದ ಇಷ್ಟು ಗಸಿ ಕಟ್ಟುವುದಿಲ್ಲ. ಆದರೂ ಸಮಸ್ಯೆ ಪೂರ್ತಿ ತಪ್ಪದು. ಕೂದಲಿನ ಹೊರಪದರದಲ್ಲಿ ಋಣ ವಿದ್ಯುದಂಶದ ನೆಲೆಗಳಿದ್ದು, ಅವು ಧನ ವಿದ್ಯುದಂಶದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳನ್ನು ಸೆಳೆದಿಟ್ಟುಕೊಳ್ಳುತ್ತವೆ. ಬಣ್ಣ ಹಚ್ಚಿದ, ಬ್ಲೀಚ್ ಮಾಡಿದ ಅಥವಾ ರಾಸಾಯನಿಕಗಳಿಂದ ನೇರಗೊಳಿಸಿದ ಕೂದಲಿನಲ್ಲಿ ಇಂಥ ನೆಲೆಗಳು ಹೆಚ್ಚಿರುವುದರಿಂದ ಅದು ಹೆಚ್ಚು ಸುಣ್ಣವನ್ನು ಹೀರುತ್ತದೆ. ಉದ್ದ ಕೂದಲಿನ ತುದಿಗಳು ವರ್ಷಗಟ್ಟಲೆ ನೀರು ಕಂಡಿರುವುದರಿಂದ ಬುಡಕ್ಕಿಂತ ತುದಿ ಒರಟಾಗಿರುತ್ತದೆ.

ಗಡಸು ನೀರು ಕೂದಲಿನ ಬಲವನ್ನೇ ಕುಗ್ಗಿಸುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಕೊಯಮತ್ತೂರಿನ ಚರ್ಮವೈದ್ಯರ ತಂಡವು 2013ರಲ್ಲಿ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಟ್ರೈಕಾಲಜಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 15 ಸ್ವಯಂಸೇವಕರ ಕೂದಲನ್ನು 30 ದಿನ ಗಡಸು ನೀರು ಮತ್ತು ಭಟ್ಟಿ ಇಳಿಸಿದ ನೀರುಗಳಿಗೆ ಒಡ್ಡಿ ಪರೀಕ್ಷಿಸಿದಾಗ ಎಳೆಯುವ ಬಲ ಮತ್ತು ಸ್ಥಿತಿಸ್ಥಾಪಕತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಾಕಿಸ್ತಾನದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ದೀರ್ಘಾವಧಿಯಲ್ಲಿ ಬಲ ಕುಗ್ಗುವುದನ್ನು ವರದಿ ಮಾಡಿತು. ಎರಡೂ ತಲೆಯಿಂದ ಬೇರ್ಪಟ್ಟ ಕೂದಲಿನ ಮೇಲಿನ ಪ್ರಯೋಗಗಳೇ ಹೊರತು ತಲೆಯಲ್ಲಿ ಬೆಳೆಯುತ್ತಿರುವ ಕೂದಲಿನ ಮೇಲಿನವಲ್ಲ.

ಕೂದಲು ಉದುರುವಿಕೆ

ಕೂದಲು ತುಂಡಾಗುವುದಕ್ಕೂ ಬುಡಸಹಿತ ಉದುರುವುದಕ್ಕೂ ವ್ಯತ್ಯಾಸವಿದೆ. ತುಂಡಾದ ಎಳೆಯ ಎರಡೂ ತುದಿಗಳು ಚೂಪು ಅಥವಾ ಸೀಳಾಗಿರುತ್ತವೆ. ಬುಡಸಹಿತ ಉದುರಿದ ಎಳೆಯ ಒಂದು ತುದಿಯಲ್ಲಿ ಬಿಳಿಯ ಸಣ್ಣ ಗುಬುಟು ಕಾಣುತ್ತದೆ. ಕೂದಲು ಬೆಳೆಯುವುದು ಚರ್ಮದೊಳಗಿನ ಕೋಶದಲ್ಲಿ. ಹೊರಗಿನ ಎಳೆಯ ಮೇಲೆ ಕೂರುವ ಸುಣ್ಣವು ಅಲ್ಲಿಗೆ ತಲುಪುವುದಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೊಮ್ಮೆ ತಲೆ ಎರೆದುಕೊಳ್ಳುವವರಿಗೆ ಆ ದಿನ ಬಚ್ಚಲಲ್ಲಿ ಇಡೀ ವಾರದ ಕೂದಲು ಒಟ್ಟಾಗಿ ಕಂಡು ಗಾಬರಿಯಾಗುವುದೂ ಉಂಟು.

ಇದಕ್ಕಿಂತ ಹೆಚ್ಚು ಉದುರಿದರೆ ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ತೊಂದರೆ, ಹೆರಿಗೆ, ಏಕಾಏಕಿ ತೂಕ ಇಳಿಕೆ, ಟೈಫಾಯಿಡ್ ಅಥವಾ ಡೆಂಗಿಯಂಥ ತೀವ್ರ ಜ್ವರಗಳನ್ನು ಮೊದಲು ಶಂಕಿಸಬೇಕು. ಜ್ವರದಿಂದಾಗುವ ಉದುರುವಿಕೆ ಎರಡು-ಮೂರು ತಿಂಗಳು ತಡವಾಗಿ ತೋರುತ್ತದೆ. ಅಷ್ಟರಲ್ಲಿ ಊರು, ಊಟ, ನೀರು ಎಲ್ಲವೂ ಬದಲಾಗಿದ್ದರೆ ಕಣ್ಣಿಗೆ ಕಾಣುವ ನೀರಿನ ಮೇಲೆ ತಪ್ಪು ಹೊರಿಸುವುದು ಸುಲಭ. ನೀರನ್ನೇ ದೂರುತ್ತ ಕುಳಿತ ಹುಡುಗಿಯ ರಕ್ತಹೀನತೆ ತಿಂಗಳುಗಟ್ಟಲೆ ಪತ್ತೆಯಾಗದೆ ಉಳಿಯಬಹುದು ಎಂಬುದು ಈ ನಂಬಿಕೆಯ ನಿಜವಾದ ಅಪಾಯ. ಸರ್ಕಾರಿ ಆಸ್ಪತ್ರೆಗಳಲ್ಲೂ ಮಾಡುವ ಸಾಮಾನ್ಯ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ.

ಸೀಗೆಕಾಯಿ ಮತ್ತು ಅಂಟುವಾಳ

ಶಾಂಪೂ ಬರುವ ಮೊದಲು ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟುಗಳಿಂದ ತಲೆ ತೊಳೆಯುತ್ತಿದ್ದರು. ಸೀಗೆ ಮತ್ತು ಅಂಟುವಾಳಗಳ ನೊರೆಗೆ ಕಾರಣವಾದ ಸಪೋನಿನ್‌ಗಳು ಸಾಬೂನಿನಂತೆ ಸುಣ್ಣದೊಡನೆ ಕೂಡಿ ಗಸಿ ಕಟ್ಟುವುದಿಲ್ಲ. ಸೀಗೆಯ ಕಷಾಯ ಸ್ವಲ್ಪ ಆಮ್ಲೀಯವಾಗಿರುವುದರಿಂದ ಕೂದಲಿನ ಹೊರಪದರವೂ ಮಲಗುತ್ತದೆ. ಬಾವಿನೀರನ್ನೇ ಬಳಸುತ್ತಿದ್ದ ಕಾಲದಲ್ಲಿಯೂ ಕೂದಲಿನ ದೂರು ಕಡಿಮೆಯಿತ್ತು ಎಂದು ಹಿರಿಯರು ಹೇಳುವುದಕ್ಕೆ ಇದೂ ಒಂದು ಕಾರಣವಿರಬಹುದು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಮರುದಿನ, ನರಕ ಚತುರ್ದಶಿಯ ಬೆಳಗಿನ ಎಣ್ಣೆಸ್ನಾನಕ್ಕೆ ಹಂಡೆಯಲ್ಲಿ ಕಾಯಿಸಿದ ನೀರು ಮತ್ತು ಸೀಗೆಪುಡಿ ಇಂದಿಗೂ ಹಲವು ಮನೆಗಳಲ್ಲಿ ಬಳಕೆಯಲ್ಲಿವೆ.

ಮಳೆನೀರನ್ನು ಹಿಡಿಯುವ ವಿಧಾನ

ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಚದರ ಮೀಟರಿನ ಸಣ್ಣ ಹೆಂಚಿನ ಇಳಿಜಾರಿನಿಂದ 20 ಮಿಲಿಮೀಟರ್ ಮಳೆಯಲ್ಲಿ 200 ಲೀಟರ್ ಇಳಿಯಬೇಕು. ಐದನೆಯ ಒಂದು ಪಾಲು ಹೀರಿ, ಸಿಡಿದು ಹೋದರೂ 160 ಲೀಟರ್ ಸಿಗುತ್ತದೆ. ಉದ್ದ ಕೂದಲನ್ನು ತೊಳೆಯಲು 15 ಲೀಟರ್ ಬೇಕೆಂದರೂ ಇದು ಹತ್ತು ಸಲಕ್ಕೆ ಸಾಕು. ಮಿರ್ಗದ ಮಳೆಯಿಂದ ಮೊದಲ್ಗೊಂಡು ಜುಲೈ, ಆಗಸ್ಟ್ ತಿಂಗಳುಗಳ ಜಿಟಿಜಿಟಿ ಮಳೆಯವರೆಗೆ ಧಾರವಾಡದಲ್ಲಿ ಇಷ್ಟು ನೀರಿಗೆ ಕೊರತೆಯಿಲ್ಲ.

ಮಂಗಳೂರು ಹೆಂಚು ಮತ್ತು ತಗಡಿನ ಛಾವಣಿಗಳು ಇದಕ್ಕೆ ಅನುಕೂಲ. ಸೂರಿನಡಿ ಅರ್ಧಕೊಳವೆ ಕಟ್ಟಿ ಬ್ಯಾರಲ್ಲಿಗೆ ಇಳಿಸಿದರೆ ಸಾಕು. ಬಯಲುಸೀಮೆಯ ಮಣ್ಣಿನ ಮಾಳಿಗೆಯಿಂದ ಹರಿದುಬರುವ ನೀರು ಕೆಂಪಾಗಿ ಕೆಸರಾಗಿರುವುದರಿಂದ ಅಂಥ ಮನೆಗಳವರು ಅಂಗಳದಲ್ಲಿ ನೇರವಾಗಿ ಪಾತ್ರೆ ಇಡುವುದೇ ಸರಿ. ಹೊಸ ಕಾಂಕ್ರೀಟ್ ಛಾವಣಿಯಿಂದ ಮೊದಲ ಮಳೆಗಾಲದಲ್ಲಿ ಸುಣ್ಣ ಬಿಡುವುದರಿಂದ ಅದರ ನೀರು ನಿರೀಕ್ಷಿಸಿದಷ್ಟು ಮೃದುವಾಗಿರುವುದಿಲ್ಲ. ಕಲ್ನಾರಿನ ಹಳೆಯ ಹಾಳೆಗಳ ಮತ್ತು ಬಣ್ಣ ಸುಲಿಯುತ್ತಿರುವ ಛಾವಣಿಗಳ ನೀರನ್ನು ಬಳಸದಿರುವುದು ಲೇಸು.

ಬೇಸಿಗೆಯ ಧೂಳು, ಹಕ್ಕಿಗಳ ಹಿಕ್ಕೆ, ಒಣಗಿದ ಎಲೆ ಎಲ್ಲವೂ ಮೊದಲ ಮಳೆಯೊಂದಿಗೆ ಇಳಿಯುತ್ತವೆ. ಋತುವಿನ ಮೊದಲ ಒಂದೆರಡು ಮಳೆಯನ್ನು ಪೂರ್ತಿ ಬಿಟ್ಟು, ಬಳಿಕ ಪ್ರತಿ ಮಳೆಯ ಆರಂಭದ ಒಂದೆರಡು ಮಿಲಿಮೀಟರ್ ನೀರನ್ನು, ಅಂದರೆ ಮೇಲಿನ ಉದಾಹರಣೆಯಲ್ಲಿ 10ರಿಂದ 20 ಲೀಟರನ್ನು, ಚೆಲ್ಲಬೇಕು. ಉಳಿದದ್ದನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಬೇಕು.

ಶೇಖರಿಸಿದ ನೀರಿನ ದೊಡ್ಡ ತೊಂದರೆ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯ ಸುತ್ತಲಿನ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಬ್ಯಾರಲ್ಲಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಅಥವಾ ಬಿಗಿಯಾಗಿ ಕಟ್ಟಿದ ಬಟ್ಟೆ ಇರಬೇಕು. ವಾರದೊಳಗೆ ಬರಿದು ಮಾಡಿ ಒಳಮೈ ಉಜ್ಜಬೇಕು, ಏಕೆಂದರೆ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ವಾಸನೆ ಬಂದ ಅಥವಾ ಹಸಿರುಗಟ್ಟಿದ ನೀರನ್ನು ಗಿಡಗಳಿಗೆ ಹಾಕಬೇಕು. ತಲೆಯಲ್ಲಿ ಗಾಯ ಅಥವಾ ಕಜ್ಜಿ ಇರುವವರು, ಹಸುಗೂಸುಗಳಿಗೆ ನೀರೆರೆಯುವವರು ಮಳೆನೀರನ್ನು ಕುದಿಸಿ ಆರಿಸಿ ಬಳಸುವುದು ಒಳ್ಳೆಯದು.

ಮೃದು ನೀರಿನಲ್ಲಿ ಎಂದಿನಷ್ಟೇ ಶಾಂಪೂ ಹಾಕಿದರೆ ನೊರೆ ಅತಿಯಾಗಿ, ಎಷ್ಟು ತೊಳೆದರೂ ಕೂದಲು ಜಾರುತ್ತಿರುವಂತೆ ಅನಿಸುತ್ತದೆ. ಅರ್ಧದಷ್ಟು ಸಾಕಾಗುತ್ತದೆ.

ಮಳೆಯಿಲ್ಲದ ತಿಂಗಳುಗಳಲ್ಲಿ

ನವೆಂಬರಿನಿಂದ ಮೇ ತಿಂಗಳವರೆಗೆ ಬಳಸುವಷ್ಟು ನೀರನ್ನು ಬ್ಯಾರಲ್ಲಿನಲ್ಲಿ ಕಾಪಿಡಲಾಗದು. ಅದಕ್ಕೆ ಮುಚ್ಚಿದ ನೆಲಮಾಳಿಗೆಯ ತೊಟ್ಟಿ ಬೇಕು. ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪಗಳಲ್ಲಿ ಮನೆ ಕಟ್ಟುವಾಗಲೇ ಇಂಥ ತೊಟ್ಟಿ ಕಟ್ಟುವುದು ಕಾನೂನಿನಂತೆ ಕಡ್ಡಾಯ. ಬಾಡಿಗೆ ಕೋಣೆಯಲ್ಲಿರುವವರಿಗೆ ಅದು ಆಗದ ಮಾತು. ಅವರು ಎಲ್ಲ ನೀರನ್ನೂ ಬದಲಿಸಬೇಕಾಗಿಯೂ ಇಲ್ಲ: ಬೋರಿನ ನೀರಿನಲ್ಲಿ ತೊಳೆದು, ಕೊನೆಯ ಎರಡು-ಮೂರು ತಂಬಿಗೆ ಮಾತ್ರ ನದಿನೀರನ್ನು ಅಥವಾ ಕುದಿಸಿ ತಿಳಿಯಾದ ನೀರನ್ನು ಹಾಕಿಕೊಂಡರೂ ಕೂದಲಿನಲ್ಲಿ ಉಳಿಯುವ ಸುಣ್ಣ ಕಡಿಮೆಯಾಗುತ್ತದೆ. ಒಂದು ಬಕೆಟ್ ನೀರಿಗೆ ಅರ್ಧ ಲಿಂಬೆಹಣ್ಣಿನ ರಸ ಬೆರೆಸಿ ಕೊನೆಗೆ ಸುರಿದುಕೊಳ್ಳುವ ರೂಢಿಗೂ ಆಧಾರವಿದೆ, ಆಮ್ಲವು ಸುಣ್ಣದ ಗಸಿಯನ್ನು ಬಿಡಿಸುತ್ತದೆ. ಇಡಿಟಿಎಯಂಥ ಪದಾರ್ಥವಿರುವ ಶಾಂಪೂಗಳು ಕ್ಯಾಲ್ಸಿಯಂ ಅನ್ನು ಬಂಧಿಸಿ ಒಯ್ಯುತ್ತವೆ. ಪಟಕ ಹಾಕುವುದರಿಂದ ಕೆಸರು ತಿಳಿಯಾಗುತ್ತದೆಯೇ ಹೊರತು ಗಡಸುತನ ಹೋಗುವುದಿಲ್ಲ. ಸೋಡಾಪುಡಿಯಿಂದ ನೀರು ಮೃದುವಾದರೂ ಅದರ ಕ್ಷಾರವು ಕೂದಲಿಗೆ ಸುಣ್ಣಕ್ಕಿಂತ ಹೆಚ್ಚು ಹಾನಿಕರ. ನಲ್ಲಿಗೆ ಸಿಕ್ಕಿಸುವ ಸಣ್ಣ ಸೋಸುಕಗಳಲ್ಲಿ ಅನೇಕವು ಕ್ಲೋರಿನ್ ಮತ್ತು ಮಣ್ಣನ್ನಷ್ಟೇ ತಡೆಯುತ್ತವೆ. ಗಡಸುತನ ತೆಗೆಯಲು ಅಯಾನು ವಿನಿಮಯದ ರಾಳವಿರುವ ಉಪಕರಣ ಬೇಕು, ಮತ್ತು ಅದನ್ನು ಆಗಾಗ ಉಪ್ಪುನೀರಿನಿಂದ ಪುನಶ್ಚೇತನಗೊಳಿಸುತ್ತಿರಬೇಕು.